ಅಳಲೆಕಾಯಿ ಹಿಡಿದ ಬುದ್ಧ

ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋದವರು ಕಾಗಿಣಾ ದಂಡೆಯ ಕೋಟೆ ನೋಡುತ್ತಾರೆ, ‘ಕವಿರಾಜಮಾರ್ಗ’ದ ಹೆಸರು ಹೇಳುತ್ತಾರೆ. ಉಗ್ರಾದಿತ್ಯನನ್ನು ನೆನೆಯುವವರು ಕಡಿಮೆ. ಒಂಬತ್ತನೆಯ ಶತಮಾನದ ಈ ಜೈನ ಮುನಿ ‘ಕಲ್ಯಾಣಕಾರಕ’ ಎಂಬ ವೈದ್ಯಗ್ರಂಥವನ್ನು ಸಂಸ್ಕೃತದಲ್ಲಿ ಬರೆದ. ಔಷಧದಲ್ಲಿ ಮಾಂಸ ಬೇಕಿಲ್ಲವೆಂದು ರಾಷ್ಟ್ರಕೂಟ ದೊರೆ ನೃಪತುಂಗನ ಸಭೆಯಲ್ಲಿ ವಾದಿಸಿದ. ಆ ವಾದವೇ ಗ್ರಂಥದ ಕೊನೆಗೆ ‘ಹಿತಾಹಿತ’ ಅಧ್ಯಾಯವಾಗಿ ಸೇರಿದೆ. ಊಟ, ರೋಗ, ಮದ್ದಿನ ಬಗ್ಗೆ ಸಭೆಯಲ್ಲಿ ಕೂತು ವಾದಿಸುವುದು ರಾಷ್ಟ್ರಕೂಟರ ಈ ನಾಡಿಗೆ ಸಾವಿರದ ಇನ್ನೂರು ವರ್ಷಗಳಷ್ಟು ಹಳೆಯ ರೂಢಿ.

ಆ ರೂಢಿಯನ್ನು ಮುಂದುವರಿಸಿ ಟಿಬೆಟಿನ ವೈದ್ಯರೊಬ್ಬರನ್ನು ಇಲ್ಲಿಯ ಒಂದು ಸಭೆಗೆ ಕರೆಸಬೇಕು ಎಂಬುದು ನನ್ನ ಬಹುದಿನದ ಆಸೆ. ಅತಿಥಿಗಾಗಿ ಹಿಮಾಲಯಕ್ಕೆ ಹೋಗಬೇಕಿಲ್ಲ. 1960ರಲ್ಲಿ ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡದಲ್ಲಿ, ಆಮೇಲೆ ಕೊಳ್ಳೇಗಾಲದ ಒಡೆಯರಪಾಳ್ಯದಲ್ಲಿ ಟಿಬೆಟನ್ನರು ನೆಲೆನಿಂತರು. ಅವರ ಜೊತೆಗೆ ಅವರ ವೈದ್ಯವೂ ಬಂತು. ಸೋವ ರಿಗ್ಪ, ಅಂದರೆ ಗುಣಪಡಿಸುವ ವಿದ್ಯೆ. ಇದನ್ನು ಕಲಿಸುವ ಮೆನ್‌ತ್ಸಿಖಾಂಗ್ ಸಂಸ್ಥೆ ಲಾಸಾದಲ್ಲಿ ಶುರುವಾದದ್ದು 1916ರಲ್ಲಿ. ದೇಶ ಬಿಟ್ಟು ಬಂದ ಮೇಲೆ 1961ರಲ್ಲಿ ಧರ್ಮಶಾಲೆಯಲ್ಲಿ ಮತ್ತೆ ತಲೆಯೆತ್ತಿತು. ಅದಕ್ಕೆ ಹೆಗಲು ಕೊಟ್ಟವರು ದಲೈ ಲಾಮಾ ಅವರ ವೈದ್ಯರಾಗಿದ್ದ ಯೇಶಿ ಧೊಂಡೆನ್. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಮರುವರ್ಷ ತೀರಿಕೊಂಡರು. ಭಾರತ ಸರ್ಕಾರ 2010ರಲ್ಲಿ ಸೋವ ರಿಗ್ಪಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿದೆ.

ಈ ವಿದ್ಯೆಯ ಬೇರು ಹುಡುಕುತ್ತ ಹೋದರೆ ನಮ್ಮ ಕಡೆಗೇ ತಿರುಗಬೇಕಾಗುತ್ತದೆ. ವಾಗ್ಭಟನ ‘ಅಷ್ಟಾಂಗಹೃದಯ’ವನ್ನು ಹನ್ನೊಂದನೆಯ ಶತಮಾನದಲ್ಲಿ ರಿಂಚೆನ್ ಝಾಂಗ್ಪೊ ಮೊದಲಾದವರು ಟಿಬೆಟಿ ಭಾಷೆಗೆ ತಂದರು. ಮುಂದಿನ ಶತಮಾನದ ಯುಥೋಕ್ ಯೋಂತೆನ್ ಗೊಂಪೊನ ಹೆಸರಿಗೆ ಅಂಟಿಕೊಂಡಿರುವ ‘ಗ್ಯುಶಿ’ಯಲ್ಲಿ, ಅಂದರೆ 156 ಅಧ್ಯಾಯಗಳ ‘ನಾಲ್ಕು ತಂತ್ರ’ದಲ್ಲಿ, ಆ ಅನುವಾದದ ಸಾರ ಧಾರಾಳವಾಗಿದೆ. ನಮ್ಮ ವಾತ, ಪಿತ್ತ, ಕಫ ಅಲ್ಲಿ ಲುಂಗ್, ಟಿಪಾ, ಬೇಕೆನ್. ತ್ರಿಫಲೆಯ ಅಳಲೆ, ತಾರೆ, ನೆಲ್ಲಿಗೆ ಅರುರ, ಬರುರ, ಕ್ಯುರುರ ಎನ್ನುತ್ತಾರೆ. ಅವರು ಪೂಜಿಸುವ ವೈದ್ಯಬುದ್ಧನ ಬಲಗೈಯಲ್ಲಿರುವುದು ಇದೇ ಅಳಲೆಕಾಯಿಯ ಟೊಂಗೆ. ನಮ್ಮಜ್ಜಿಯರು ಕೂಸಿಗೆ ತೇಯ್ದು ನೆಕ್ಕಿಸುತ್ತಿದ್ದ ಕಾಯಿಯೇ ಅದು ಎಂದು ತಿಳಿದ ದಿನ ನನಗಾದ ಸಂತೋಷ ಹೇಳತೀರದು.

ಹಾಗೆಂದು ಇದು ಹೆಸರು ಬದಲಿಸಿದ ಆಯುರ್ವೇದವಲ್ಲ. ವೈದ್ಯರು ಮೂರು ಬೆರಳುಗಳನ್ನು ಮಣಿಕಟ್ಟಿನ ಮೇಲಿಟ್ಟು ನಾಡಿ ಹಿಡಿಯುತ್ತಾರೆ. ಒಂದೊಂದು ಬೆರಳಿಗೆ ಒಂದೊಂದು ಒತ್ತಡ, ಬೆರಳಿನ ಒಂದೊಂದು ಬದಿಗೆ ಒಂದೊಂದು ಅಂಗದ ಸುದ್ದಿ. ಮುಂಜಾನೆಯ ಮೊದಲ ಮೂತ್ರವನ್ನು ಬಿಳಿ ಬಟ್ಟಲಿಗೆ ಹುಯ್ದು, ಕಡ್ಡಿಯಿಂದ ಕಡೆದು, ಬಣ್ಣ, ಆವಿ, ವಾಸನೆ, ನೊರೆಯ ಗುಳ್ಳೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೆಲ್ಲ ನೋಡುತ್ತಾರೆ. ಮದ್ದು ಎಂದರೆ ಕಂದು ಬಣ್ಣದ ಗುಂಡು ಗುಳಿಗೆ. ಜಗಿದು ಬಿಸಿನೀರು ಕುಡಿಯಬೇಕು. ಆದರೆ ಗುಳಿಗೆಯ ಸರದಿ ಮೂರನೆಯದು. ಮೊದಲು ಊಟ ಸರಿಪಡಿಸು, ಆಮೇಲೆ ನಡೆ ಸರಿಪಡಿಸು, ಅದಕ್ಕೂ ಬಗ್ಗದಿದ್ದರೆ ಮದ್ದು ಎನ್ನುತ್ತದೆ ಅವರ ಶಾಸ್ತ್ರ.

ನಮ್ಮ ಸಭೆಯ ನಿಜವಾದ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ. ಬಾರ್ಲಿ ಹಿಟ್ಟು, ಬೆಣ್ಣೆ, ಚಳಿಗಾಳಿಯ ನಾಡಿನಲ್ಲಿ ಬೆಳೆದ ಪಥ್ಯ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಲೆ ಉಣ್ಣುವವರಿಗೆ ಹೇಗೆ ಒಗ್ಗುತ್ತದೆ? ಮೇ ತಿಂಗಳಲ್ಲಿ ಶಹಾಬಾದದ ಕಲ್ಲಿನ ಗಣಿಯಲ್ಲಿ ದುಡಿಯುವವನ ಮೈಯ ಕಾವಿಗೆ ಏನು ಹೇಳುತ್ತೀರಿ? ಇವನ್ನು ಕೇಳಲೇಬೇಕು. ಮುಂಡಗೋಡದಲ್ಲಿ ಎರಡು ತಲೆಮಾರು ಬದುಕಿದವರಿಗೆ ಕರ್ನಾಟಕದ ಸೆಕೆ ಗೊತ್ತಿಲ್ಲದೆ ಇಲ್ಲ. ಕೆಲವು ವಿಶೇಷ ಗುಳಿಗೆಗಳಲ್ಲಿ ಶುದ್ಧಿ ಮಾಡಿದ ಪಾದರಸ ಸೇರುತ್ತದೆ. ಅದನ್ನೂ ಸಂಕೋಚವಿಲ್ಲದೆ ಕೇಳಬೇಕು. ವಾಡಿಯ ಸಿಮೆಂಟಿನ ಧೂಳಲ್ಲಿ ದುಡಿದು ಕೆಮ್ಮುವವರು ಮೊದಲು ಎಕ್ಸ್‌ರೇ, ಕಫ ಪರೀಕ್ಷೆ ಮಾಡಿಸಲಿ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಯಾರ ಮಾತು ಕೇಳಿಯೂ ನಿಲ್ಲಿಸದಿರಲಿ. ವೇದಿಕೆಯ ಮೇಲೆ ಸರ್ಕಾರಿ ಆಸ್ಪತ್ರೆಯ ಡಾಕ್ಟರೊಬ್ಬರಿಗೂ ಒಂದು ಕುರ್ಚಿ ಇರಲಿ.

ಎಲ್ಲಿ ಸೇರುವುದು? ರೈಲಿಗೆ ಬರುವವರಿಗೆ ವಾಡಿ ಜಂಕ್ಷನ್ ಅನುಕೂಲ. ಚಿತ್ತಾಪುರ, ಸೇಡಂ ಅಲ್ಲಿಂದ ಸಿಕಂದರಾಬಾದಿನ ಹಾದಿಯಲ್ಲೇ ಇವೆ. ನನ್ನ ಮನಸ್ಸು ಮಾತ್ರ ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಕಡೆಗೆ ಎಳೆಯುತ್ತದೆ. ಅಲ್ಲಿ ಭೀಮಾ ತೀರದ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಅಶೋಕನ ಶಾಸನದ ಬಂಡೆ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಜ ಅಶೋಕ ಎಂದು ಬ್ರಾಹ್ಮಿಯಲ್ಲಿ ಕೊರೆದ ಅವನ ಶಿಲ್ಪವೂ ಇದೆ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆ ಏರ್ಪಡಿಸಿದೆ, ಮದ್ದಿನ ಗಿಡ ಇಲ್ಲದ ಕಡೆ ತರಿಸಿ ನೆಡಿಸಿದೆ ಎಂದು ಅವನು ಹೇಳಿಕೊಂಡ ಶಾಸನ ಸನ್ನತಿಯದಲ್ಲ, ಕರ್ನೂಲಿನ ಎರ್ರಗುಡಿ ಮೊದಲಾದ ಕಡೆಗಳದು. ಆದರೂ ಬುದ್ಧನ ಹಾದಿ ಹಿಡಿದ ವೈದ್ಯರಿಗೆ ಕನಗನಹಳ್ಳಿಯನ್ನು ತೋರಿಸದೆ ಕಳಿಸುವುದು ಸರಿಯಲ್ಲ.

ಸಭೆ ಬೆಳಗಿನ ತಂಪಿನಲ್ಲೇ ನಡೆಯಲಿ. ಚಿಂಚೋಳಿ ಕಾಡಂಚಿನ ತಾಂಡಾಗಳಿಂದ ಗಾವಟಿ ಔಷಧ ಬಲ್ಲ ಹಿರಿಯರನ್ನೂ ಕರೆಯೋಣ. ಬರುವವರು ತಮಗೆ ಗೊತ್ತಿರುವ ಮದ್ದಿನ ಗಿಡದ ಒಂದೊಂದು ಟೊಂಗೆಯನ್ನೋ ಬೇರನ್ನೋ ತರಲಿ. ತಾಂಡಾದ ಅಜ್ಜಿ ಲಂಬಾಣಿಯಲ್ಲಿ ಅದರ ಹೆಸರು ಹೇಳಲಿ, ವೈದ್ಯರು ಟಿಬೆಟಿಯಲ್ಲಿ ಹೇಳಲಿ, ಊರಿನ ಮೇಷ್ಟ್ರು ಎರಡನ್ನೂ ಕನ್ನಡದ ಹೆಸರಿನ ಪಕ್ಕ ಹಲಗೆಯ ಮೇಲೆ ಬರೆಯಲಿ.