ಸೋರುವ ಲೋಟಗಳು: ಮೆಮೊರಿಯ ವೇಗ ಮತ್ತು ಬ್ಯಾಟರಿಯ ಖರ್ಚನ್ನು ಬೋಧಿಸುವ ಬಗೆ

ದರೋಜಿ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಕಂಪ್ಯೂಟರ್ ಮೆಮೊರಿಯ ಪಾಠ. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ‘ರ್‍ಯಾಮ್: ತಾತ್ಕಾಲಿಕ, ವೇಗ ಹೆಚ್ಚು. ಮೆಮೊರಿ ಕಾರ್ಡ್: ಶಾಶ್ವತ, ವೇಗ ಕಡಿಮೆ’ ಎಂದು ಬರೆದಿದ್ದರು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಕೇಳಿದ: “ಮೇಡಂ, ಕರಡಿ ಫೋಟೋ ತೆಗಿಯಾಕ ಕಾಡಿನಾಗ ಮರಕ್ಕ ಕ್ಯಾಮೆರಾ ಕಟ್ತಾರಲ್ರಿ, ಅದು ಬರೇ ಸೆಲ್ಲಿನ ಮ್ಯಾಲ ಅಷ್ಟು ದಿನ ಹೆಂಗ ನಡೀತೈತ್ರಿ? ನಮ್ಮಪ್ಪನ ಫೋನು ಸಂಜಿಗೇ ಸತ್ತು ಹೋಗ್ತೈತಿ.”

“ಅದು ಮುಂದಿನ ಪಾಠ” ಎಂದು ಅವನನ್ನು ಕೂರಿಸಲಾಯಿತು. ವೀಕ್ಷಕನಾಗಿ ಕುಳಿತಿದ್ದ ನನಗೆ, ಇಡೀ ಪಾಠವನ್ನು ಆ ಪ್ರಶ್ನೆಯಿಂದಲೇ ಕಟ್ಟಬಹುದಿತ್ತು ಎನ್ನಿಸಿತು. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದ ಮಗ್ಗುಲಲ್ಲೇ ಬೆಳೆದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಎಲ್ಲಿ ಸಿಗಬೇಕು? ಮುಂದಿನ ವಾರ ಅದೇ ತರಗತಿಗೆ ನಾವು ಒಯ್ದದ್ದು ಹದಿನಾರು ಕಾಗದದ ಲೋಟ, ಒಂದು ಗುಂಡುಸೂಜಿ, ಒಂದು ಬಕೆಟ್ ನೀರು.

ಲೋಟಗಳನ್ನು ನಾಲ್ಕು ಸಾಲಾಗಿ ಇಟ್ಟು, ಪ್ರತಿಯೊಂದರ ತಳಕ್ಕೂ ಸೂಜಿಯಿಂದ ತೂತು ಮಾಡಿದೆವು. ನೀರಿದ್ದರೆ ‘ಒಂದು’, ಇಲ್ಲದಿದ್ದರೆ ‘ಸೊನ್ನೆ’. ಡಿರ್‍ಯಾಮ್ ಎಂದರೆ ಇದೇ. ಅಲ್ಲಿ ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್ ಮತ್ತು ವಿದ್ಯುದಂಶ ಹಿಡಿದಿಡುವ ಒಂದು ಪುಟ್ಟ ಕೆಪಾಸಿಟರ್. ಐಬಿಎಂನ ರಾಬರ್ಟ್ ಡೆನಾರ್ಡ್ ಅವರಿಗೆ ಈ ರಚನೆಯ ಪೇಟೆಂಟ್ ದೊರೆತದ್ದು 1968ರಲ್ಲಿ. ಕೆಪಾಸಿಟರ್ ಸೋರುತ್ತದೆ. ಆದ್ದರಿಂದ ಒಬ್ಬ ವಿದ್ಯಾರ್ಥಿನಿ ಚೊಂಬು ಹಿಡಿದು ಸಾಲು ಸಾಲಾಗಿ ನೋಡುತ್ತ, ನೀರು ಅರ್ಧಕ್ಕಿಂತ ಹೆಚ್ಚು ಉಳಿದಿರುವ ಲೋಟವನ್ನು ಮತ್ತೆ ತುಂಬುತ್ತ ಹೋಗಬೇಕು. ಇದಕ್ಕೆ ‘ರಿಫ್ರೆಶ್’ ಎನ್ನುತ್ತಾರೆ. ನಿಜವಾದ ಚಿಪ್‌ನಲ್ಲಿ ಎಲ್ಲ ಸಾಲುಗಳಿಗೂ 64 ಮಿಲಿಸೆಕೆಂಡಿಗೊಮ್ಮೆ ಈ ಸರದಿ ಬರುತ್ತದೆ. ಆ ಅವಧಿಯಲ್ಲಿ 8192 ರಿಫ್ರೆಶ್ ಆಜ್ಞೆಗಳು. ಭಾಗಿಸಿ ನೋಡಿ ಎಂದೆವು. ಸುಮಾರು 7.8 ಮೈಕ್ರೊಸೆಕೆಂಡಿಗೆ ಒಂದು ಎಂಬ ಉತ್ತರ ಬಂದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು. ಯಾರೂ ಬಳಸದೆ ಸುಮ್ಮನಿದ್ದರೂ ಫೋನು ಚಾರ್ಜ್ ತಿನ್ನುವುದಕ್ಕೆ ಒಂದು ಕಾರಣ ಇಲ್ಲಿದೆ.

ಚೊಂಬಿನ ಹುಡುಗಿ ನೀರು ತುಂಬುತ್ತಿರುವಾಗಲೇ “ಮೂರನೇ ಸಾಲಿನ ಎರಡನೇ ಲೋಟದಲ್ಲಿ ಏನಿದೆ?” ಎಂದು ಕೇಳಿದರೆ ಆಕೆ “ತಡೀರಿ” ಎನ್ನುತ್ತಾಳೆ. ವೇಗ ಕುಗ್ಗುವುದು ಹೀಗೆ. ಇನ್ನೊಂದು ಸಂಗತಿಯನ್ನು ನಮ್ಮ ಪಾಠಯೋಜನೆಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ: ಡಿರ್‍ಯಾಮ್‌ನಲ್ಲಿ ಓದುವುದೆಂದರೆ ಲೋಟವನ್ನು ಬಗ್ಗಿಸಿ ನೋಡಿದಂತೆ. ಓದಿದೊಡನೆ ವಿದ್ಯುದಂಶ ಹೋಗುತ್ತದೆ, ಮತ್ತೆ ತುಂಬಲೇಬೇಕು. ಮೆಮೊರಿಯನ್ನು ಪುಸ್ತಕದ ಕಪಾಟಿಗೆ ಹೋಲಿಸುವ ರೂಢಿ ನಮ್ಮಲ್ಲಿದೆ. ಆ ಹೋಲಿಕೆ ಇಲ್ಲಿ ಕೈಕೊಡುತ್ತದೆ. ನೀರಿನ ಹೋಲಿಕೆ ನಿಲ್ಲುತ್ತದೆ.

ಎಸ್‌ರ್‍ಯಾಮ್‌ಗೆ ಇಬ್ಬರು ಮಕ್ಕಳನ್ನು ಎದುರುಬದುರು ನಿಲ್ಲಿಸಿದೆವು. ನಿಯಮ ಒಂದೇ: ಎದುರಿನವರು ನಿಂತರೆ ನೀವು ಕೂರಬೇಕು, ಅವರು ಕೂತರೆ ನೀವು ನಿಲ್ಲಬೇಕು. ಒಮ್ಮೆ ಒಬ್ಬರು ನಿಂತರೆ ಆ ಸ್ಥಿತಿ ತಾನಾಗಿಯೇ ಉಳಿಯುತ್ತದೆ, ಯಾರೂ ನೀರು ಹೊಯ್ಯಬೇಕಿಲ್ಲ. ಕೇಳಿದೊಡನೆ ಉತ್ತರವೂ ಸಿಗುತ್ತದೆ. ಆದರೆ ಒಂದು ಬಿಟ್‌ಗೆ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರ್ ಬೇಕು. “ಹದಿನಾರು ಬಿಟ್‌ಗೆ ಎಷ್ಟು ಮಕ್ಕಳು?” ಎಂದು ಕೇಳಿದಾಗ ಮೂವತ್ತೆರಡು ಎಂದರು, ಕೋಣೆ ಅಲ್ಲಿಗೇ ತುಂಬಿತು. ದುಬಾರಿಯಾದ ಈ ಮೆಮೊರಿಯನ್ನು ಪ್ರೊಸೆಸರ್‌ನ ಒಳಗೇ ಸ್ವಲ್ಪ ಪ್ರಮಾಣದಲ್ಲಿ, ಕ್ಯಾಶ್ ಆಗಿ ಇಡುತ್ತಾರೆ. ಪದೇ ಪದೇ ಬೇಕಾದದ್ದು ಹತ್ತಿರದಲ್ಲೇ ಸಿಕ್ಕರೆ ಹೊರಗಿನ ಡಿರ್‍ಯಾಮ್‌ವರೆಗೆ ಹೋಗಿಬರುವ ಸಮಯವೂ ವಿದ್ಯುತ್ತೂ ಉಳಿಯುತ್ತವೆ.

ವೋಲ್ಟೇಜ್ ವಿಷಯವನ್ನು ಗಣಿತದ ಅಧ್ಯಾಪಕರ ಜೊತೆ ಸೇರಿ ಮಾಡಬಹುದು. ಬಿಟ್ ಬದಲಾಗುವಾಗ ಖರ್ಚಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಡಿಡಿಆರ್3ಕ್ಕೆ 1.5 ವೋಲ್ಟ್, ಡಿಡಿಆರ್4ಕ್ಕೆ 1.2. ವರ್ಗ ಮಾಡಿದರೆ 2.25 ಮತ್ತು 1.44, ಉಳಿದದ್ದೆಲ್ಲ ಸಮವಾಗಿದ್ದರೆ ಶೇ 36ರಷ್ಟು ಉಳಿತಾಯ. ಆದರೆ ಉಳಿದದ್ದು ಸಮವಾಗಿರುವುದಿಲ್ಲ, ವೇಗವನ್ನು ಹೆಚ್ಚಿಸಿರುತ್ತಾರೆ. ಸೆಕೆಂಡಿಗೆ ಹೆಚ್ಚು ಬಾರಿ ಬಿಟ್ ಬದಲಾದರೆ ಉಳಿತಾಯದ ಒಂದು ಪಾಲು ಅಲ್ಲೇ ಖರ್ಚು.

ಈಗ ಹುಡುಗನ ಕ್ಯಾಮೆರಾ. ಅದು ಹೆಚ್ಚು ಹೊತ್ತು ನಿದ್ರಿಸುತ್ತಿರುತ್ತದೆ. ಪ್ರಾಣಿಯ ಮೈಬಿಸಿಯ ಚಲನೆಯನ್ನು ಗುರುತಿಸುವ ಸಂವೇದಕವೊಂದು ಮಾತ್ರ ಎಚ್ಚರ. ಚಿತ್ರ ಸೇರುವುದು ಫ್ಲ್ಯಾಶ್ ಮೆಮೊರಿಯ ಕಾರ್ಡಿಗೆ. ಅದು ಮುಚ್ಚಳ ಬಿಗಿದ ಸೀಸೆ, ವಿದ್ಯುತ್ ಇಲ್ಲದೆಯೂ ಹಿಡಿದಿಡುತ್ತದೆ. ಆದರೆ ಮುಚ್ಚಳ ತೆಗೆದು ತುಂಬುವುದು, ಅಂದರೆ ಬರೆಯುವುದು, ನಿಧಾನ; ಅದಕ್ಕೆ ಹೆಚ್ಚಿನ ವೋಲ್ಟೇಜೂ ಬೇಕು. ಎಚ್ಚರಗೊಳ್ಳಲು ತಡವಾದರೆ ಕರಡಿ ದಾಟಿಹೋಗಿ ಖಾಲಿ ಕುರುಚಲು ಕಾಡಿನ ಚಿತ್ರ ಸಿಗುತ್ತದೆ. ಸದಾ ಎಚ್ಚರವಿದ್ದರೆ ಬೇಗನೆ ಸೆಲ್ ಮುಗಿಯುತ್ತದೆ. ವಿನ್ಯಾಸಕಾರರು ಎಲ್ಲಿ ನಿಲ್ಲಬೇಕು ಎಂಬುದನ್ನು ಮಕ್ಕಳೇ ವಾದಿಸಲಿ. ಆ ಪ್ರಶ್ನೆಗೆ ಒಂದೇ ಸರಿ ಉತ್ತರವಿದೆಯೆಂದು ಮೌಲ್ಯಮಾಪನದ ಹಾಳೆಯಲ್ಲಿ ಬರೆಯಬೇಡಿ.

ನಾವು ಯೋಜಿಸದಿದ್ದ ಒಂದು ಸಂಗತಿಯೂ ನಡೆಯಿತು. ಅವಧಿ ಮುಗಿಯುವ ಹೊತ್ತಿಗೆ ಕಾಗದ ನೆನೆದು ತೂತುಗಳು ಹಿಗ್ಗಿದವು. ಚೊಂಬಿನ ಹುಡುಗಿಗೆ ಸರದಿ ಪೂರೈಸಲು ಆಗಲೇ ಇಲ್ಲ. ಪ್ರಶಿಕ್ಷಣಾರ್ಥಿ ಗಾಬರಿಯಾದರು. ಆದರೆ ಕಾವೇರಿದ ಚಿಪ್‌ನಲ್ಲೂ ಸೋರಿಕೆ ಹೀಗೆಯೇ ಹೆಚ್ಚುತ್ತದೆ. ಚಿಪ್‌ನ ತಾಪ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಿಫ್ರೆಶ್ ಅವಧಿಯನ್ನು 64ರಿಂದ 32 ಮಿಲಿಸೆಕೆಂಡಿಗೆ ಇಳಿಸುತ್ತಾರೆ. ಅದು ಚಿಪ್‌ನ ತಾಪ, ಬಳ್ಳಾರಿಯ ಬಿಸಿಲಿನದಲ್ಲ ಎಂದು ಹೇಳಲು ಮರೆಯಬಾರದು. ಮುಂದಿನ ಸಲ ನಾವು ಎಂಟು ಲೋಟಗಳಿಗೆ ಬೇಕೆಂದೇ ದೊಡ್ಡ ತೂತು ಮಾಡಿ, ಇನ್ನೊಬ್ಬರ ಕೈಗೂ ಒಂದು ಚೊಂಬು ಕೊಟ್ಟೆವು.