ಶೇಂಗಾಕಾಯಿಯಷ್ಟು ಉದ್ದದ ಮೀನು: ಟೆಟ್ರಾ ಗುರುತಿಸುವ ಬಗೆ

ಚಳ್ಳಕೆರೆ ಸೀಮೆಯ ಒಂದು ಶೇಂಗಾಕಾಯಿಯನ್ನು ಅಂಗೈಯಲ್ಲಿಟ್ಟು ನೋಡಿ. ಸುಮಾರು 3 ಸೆಂಟಿಮೀಟರ್ ಉದ್ದ. ಗಾಜಿನ ತೊಟ್ಟಿಯಲ್ಲಿ ನೀಲಿ, ಕೆಂಪು ಗೆರೆ ಮಿಂಚಿಸುತ್ತ ಗುಂಪಾಗಿ ಸುಳಿಯುವ ನಿಯಾನ್ ಟೆಟ್ರಾ ಪೂರ್ತಿ ಬೆಳೆದರೂ ಹೆಚ್ಚುಕಡಿಮೆ ಇಷ್ಟೇ. ಅದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಮೇಲ್ಭಾಗದ ಹೊಳೆಗಳು.

ಮೊದಲು ಮೈಕಟ್ಟು

ವೇದಾವತಿ ನದಿಯಲ್ಲಿ, ನಮ್ಮ ಕೆರೆಗಳಲ್ಲಿ ಇಷ್ಟೇ ಗಾತ್ರದ ಬೆಳ್ಳಿಮೀನುಗಳುಂಟು. ಹಲವು ಗೆಂಡೆಯ ಬಳಗದವು. ಅವಕ್ಕೆ ಬೆನ್ನಿನ ಮೇಲೆ ಒಂದೇ ಈಜುರೆಕ್ಕೆ. ಬಹುಪಾಲು ಟೆಟ್ರಾಗಳಿಗೆ ಅದರ ಹಿಂದೆ, ಬಾಲದ ಬುಡದ ಹತ್ತಿರ, ಕಡ್ಡಿಗಳಿಲ್ಲದ ಇನ್ನೊಂದು ಪುಟಾಣಿ ರೆಕ್ಕೆ ಇರುತ್ತದೆ. ಇದೇ ಕೊಬ್ಬುರೆಕ್ಕೆ. ಮೀನು ಪಕ್ಕಕ್ಕೆ ತಿರುಗಿ ಗಾಜಿನ ಹತ್ತಿರ ನಿಂತಾಗ ಕಾಣುತ್ತದೆ. ಮೀಸೆಮೀನುಗಳಲ್ಲೂ ಹಲವಕ್ಕೆ ಇದುಂಟು, ಆದರೆ ಅವುಗಳ ಮೈಮೇಲೆ ಹುರುಪೆ ಇಲ್ಲ. ಟೆಟ್ರಾಕ್ಕೆ ಹುರುಪೆ ಇದೆ, ಮೀಸೆ ಇಲ್ಲ. ಅದರ ಹಲ್ಲು ದವಡೆಯಲ್ಲಿದ್ದರೆ, ಗೆಂಡೆ ಬಳಗದ ಹಲ್ಲು ಗಂಟಲಲ್ಲಿ.

ಆಮೇಲೆ ಗೆರೆ

ಮೊಳಕಾಲ್ಮೂರಿನ ರೇಷ್ಮೆ ಸೀರೆಯಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾದರೆ ಸೆರಗು ಹೊರಳಿದಂತೆ ಬಣ್ಣವೂ ಹೊರಳುತ್ತದೆ. ನಿಯಾನ್ ಟೆಟ್ರಾದ ನೀಲಿಯೂ ಹಾಗೇ ಹೊರಳುತ್ತದೆ, ಕಾರಣ ಮಾತ್ರ ಬೇರೆ. ಅದರ ಚರ್ಮದಲ್ಲಿರುವ ಗ್ವಾನಿನ್ ಎಂಬ ವಸ್ತುವಿನ ಹರಳುಗಳ ತೆಳು ಪದರಗಳು ಬೆಳಕನ್ನು ಪ್ರತಿಫಲಿಸಿ ಆ ನೀಲಿಯನ್ನು ಹುಟ್ಟಿಸುತ್ತವೆ. ಕತ್ತಲಲ್ಲಿ ಇದ್ದ ಮೀನು ಮಂಕಾಗಿರುತ್ತದೆ. ಆದ್ದರಿಂದ ಬಣ್ಣ ಎಷ್ಟು ಗಾಢ ಎಂದು ನೋಡಬೇಡಿ. ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ನೋಡಿ.

ಕೆಂಪು ನಡುಮೈಯಿಂದ ಬಾಲದ ಬುಡದವರೆಗೆ ಮಾತ್ರ ಇದ್ದರೆ ಅದು ನಿಯಾನ್ ಟೆಟ್ರಾ. ಮೀನುತಜ್ಞ ಜಾರ್ಜ್ ಮೈಯರ್ಸ್ 1936ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟರು.

ಕೆಂಪು ತಲೆಯ ಕಡೆಯಿಂದಲೇ ಹೊರಟು ಕೆಳಮೈಯುದ್ದಕ್ಕೂ ಬಾಲದವರೆಗೆ ಹರಿದಿದ್ದರೆ ಕಾರ್ಡಿನಲ್ ಟೆಟ್ರಾ. ಇದಕ್ಕೆ ಹೆಸರು ಬಂದದ್ದು 1956ರಲ್ಲಿ.

ನೀಲಿಗೆರೆ ಬಾಲದ ಬುಡದವರೆಗೂ ಸಾಗಿ, ಕೆಂಪು ತೀರಾ ಮಸುಕಾಗಿದ್ದರೆ ಹಸಿರು ನಿಯಾನ್. ಇದನ್ನು ವಿವರಿಸಿದ್ದು 1963ರಲ್ಲಿ.

ಹೆಸರು ತಿಳಿದರೆ ನೀರು ತಿಳಿಯುತ್ತದೆ

ಕಾರ್ಡಿನಲ್‌ನ ತವರು ರಿಯೊ ನೀಗ್ರೊ, ಒರಿನೊಕೊ ನದಿಗಳ ಸೀಮೆ. ರಿಯೊ ನೀಗ್ರೊದ ನೀರು ಕಾಡಿನ ಎಲೆಗಳ ಸಾರ ಇಳಿದು ಚಹಾದಂತೆ ಕಂದು. ಲವಣ ಬಲು ಕಡಿಮೆ, ಹುಳಿ ಹೆಚ್ಚು. ನಮ್ಮ ಬೋರ್‌ವೆಲ್ ನೀರು ಗಡಸು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಕಟ್ಟುವುದನ್ನು ಮನೆಮನೆಯಲ್ಲೂ ಕಂಡಿದ್ದೇವೆ. ತೊಟ್ಟಿಗಳಲ್ಲೇ ಸಾಕಿ ಬೆಳೆಸಿದ ನಿಯಾನ್ ಅಷ್ಟಿಷ್ಟು ಗಡಸಿಗೆ ಹೊಂದಿಕೊಳ್ಳಬಲ್ಲದು. ಕಾಡುಹೊಳೆಯಿಂದ ಹಿಡಿದು ತಂದ ಕಾರ್ಡಿನಲ್‌ಗೆ ಅದು ಕಷ್ಟ. ಹಿಡಿದಿಟ್ಟ ಮಳೆನೀರನ್ನು ಬೆರೆಸಿ ಗಡಸು ತಗ್ಗಿಸಬಹುದು.

ಅಂಗಡಿಯವರು ಎರಡನ್ನೂ "ನಿಯಾನ್" ಎಂದೇ ಕೊಟ್ಟಾರು. ದುಡ್ಡು ಕೊಡುವ ಮೊದಲು ಗಾಜಿನ ಮುಂದೆ ಕೂತು ಕೆಂಪು ಎಲ್ಲಿಂದ ಹೊರಟಿದೆ ನೋಡಿ. ಆ ಎರಡು ನಿಮಿಷದ ನೋಟ ಒಂದು ಪುಟ್ಟ ಜೀವವನ್ನು ಉಳಿಸಬಹುದು.