ಖುಷ್ಕಿ ಹೊಲದ ಮೇವು, ತೋಟದ ಗೊಬ್ಬರ

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಕೊಟ್ಟಿಗೆ ಗೊಬ್ಬರ ಹಾಕಬೇಕೆಂಬುದು ತಜ್ಞರ ಶಿಫಾರಸು. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ 530ಕ್ಕೂ ಮಿಕ್ಕಿ ಮರಗಳು. ಅಂದರೆ ಆರು ಟನ್ನಿಗೂ ಹೆಚ್ಚು ಗೊಬ್ಬರ. ಮಳೆ ತಪ್ಪಿದ ವರ್ಷ ಕಡೂರು, ತರೀಕೆರೆ, ಚನ್ನಗಿರಿ ಕಡೆಯ ಸದಸ್ಯರು ಮೇವಿಲ್ಲದೆ ರಾಸುಗಳನ್ನು ಸಂತೆಗೆ ಹೊಡೆದರೆ, ಮರುವರ್ಷ ಇಷ್ಟನ್ನೂ ದುಡ್ಡು ಕೊಟ್ಟು ತರಬೇಕು. ಮಲೆನಾಡಿನ ಅನೇಕ ಕಾಫಿ ತೋಟಗಳಿಗೆ ಗೊಬ್ಬರದ ಲಾರಿ ಬರುವುದೂ ಬಯಲು ಸೀಮೆಯಿಂದಲೇ. ಆದ್ದರಿಂದ ಖುಷ್ಕಿ ಮೇವಿನ ವಿಚಾರ ನಮ್ಮೆಲ್ಲರದೂ ಹೌದು.

ಕಾಳು ಒಕ್ಕಿದ ಮೇಲೆ ಉಳಿದ ರಾಗಿ ಹುಲ್ಲು, ಜೋಳದ ಸಪ್ಪೆಯೇ ಮೇವು ಎಂಬುದು ನಮ್ಮಲ್ಲಿ ರೂಢಿ. ಮೇವಿಗೆಂದೇ ಒಂದು ತುಂಡು ಹೊಲವನ್ನು ಬಿಡಬೇಕೆಂಬುದು ನಮ್ಮ ಅಭಿಪ್ರಾಯ. ಮುಂಗಾರು ಹದವಾದಾಗ ಮೂರು ಸಾಲು ಮೇವಿನ ಜೋಳಕ್ಕೆ ಒಂದು ಸಾಲು ಅಲಸಂದೆ ಬಿತ್ತಬಹುದು. ಬರೀ ಜೋಳ ಹೊಟ್ಟೆ ತುಂಬಿಸೀತು, ಅದರಲ್ಲಿ ಸಸಾರಜನಕ ಕಡಿಮೆ. ಅಲಸಂದೆ ಆ ಕೊರತೆಯನ್ನು ತುಂಬುವುದಲ್ಲದೆ ನೆಲ ಮುಚ್ಚಿ ತೇವವನ್ನೂ ಕಾಯುತ್ತದೆ.

ಇನ್ನು ಕೊಯ್ಲು. ಅರ್ಧದಷ್ಟು ಗಿಡ ಹೂವಾದಾಗ ಕೊಯ್ಯುವುದು ಲೇಸು. ತೆನೆ ಬಲಿಯಲೆಂದು ಕಾದರೆ ಹೊರೆ ಭಾರವಾಗುತ್ತದೆ ನಿಜ, ಆದರೆ ದಂಟು ಕಟ್ಟಿಗೆಯಾಗಿ ಅರ್ಧ ಗೋದಲಿಯಲ್ಲೇ ಉಳಿಯುತ್ತದೆ. ದನ ತಿನ್ನದೆ ಬಿಟ್ಟದ್ದನ್ನು ಕಳೆದ ಮೇಲೆಯೇ ಮೇವಿನ ಇಳುವರಿಯ ಲೆಕ್ಕ.

ಹೂವಿಗೆ ಮೊದಲು ಕೊಯ್ದರೆ ಅಪಾಯವುಂಟು. ಎಳೆ ಜೋಳದಲ್ಲಿ ಹೈಡ್ರೋಸಯನಿಕ್ ಆಮ್ಲವೆಂಬ ವಿಷವಿರುತ್ತದೆ. ಮಳೆಯಿಲ್ಲದೆ ಬಾಡಿ ಕುಳ್ಳಾಗಿ ನಿಂತ ಬೆಳೆಯಲ್ಲಿಯೂ, ಆಮೇಲೆ ಮಳೆ ಬಿದ್ದು ಬುಡದಿಂದ ಒಡೆದ ಚಿಗುರಿನಲ್ಲಿಯೂ ಅದು ಇನ್ನೂ ಹೆಚ್ಚು. ಇಂಥ ಹೊಲಕ್ಕೆ ನುಗ್ಗಿದ ದನ ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬಿಟ್ಟು ನೆಲಕ್ಕುರುಳಬಹುದು. ದೃಷ್ಟಿ ತಾಗಿತೆಂದು ಇಳಿ ತೆಗೆಯುತ್ತ ಕೂರದೆ ಪಶುವೈದ್ಯರನ್ನು ಕರೆಸಿರಿ. ಸಕಾಲಕ್ಕೆ ಚುಚ್ಚುಮದ್ದು ಬಿದ್ದರೆ ಉಳಿಯುವುದುಂಟು.

ಬದುಗಳನ್ನು ಖಾಲಿ ಬಿಡುವುದೇಕೆ? ಅಂಜನ್ ಹುಲ್ಲು, ಸ್ಟೈಲೋ ಎರಡೂ ಒಣ ಹವೆಯನ್ನು ತಡೆಯುವಂಥವು. ಒಮ್ಮೆ ಹಿಡಿದರೆ ಕೆಲವು ವರ್ಷ ಮತ್ತೆ ಬಿತ್ತುವ ಖರ್ಚಿಲ್ಲ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿಯ ನೀರಿನಲ್ಲಿ ನಾಲ್ಕೈದು ನಿಮಿಷವಿಟ್ಟು, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಮೇಲುಮೇಲೆ ಬಿತ್ತಬೇಕು. ಆಳಕ್ಕೆ ಬಿದ್ದ ಬೀಜ ಮೇಲೇಳದು. ಬೇರು ಬಿಡುವ ತನಕ ದನ ಬಿಡಬಾರದು.

ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿದೆ. ತಳಿಯ ಆಯ್ಕೆಗೆ ಅಲ್ಲಿ ವಿಚಾರಿಸಬಹುದು. ಬೀಜ ಬೇಕಾದವರು ಯುಗಾದಿಯೊಳಗೆ ಸಂಘದ ಕಚೇರಿಯಲ್ಲಿ ಹೆಸರು ಬರೆಸಿದರೆ ಒಟ್ಟಾಗಿ ತರಿಸಲು ಅನುಕೂಲ.